ಫೈರ್ ಗಾಡಿ ಬರೋ ತನಕ ಏನು ಮಾಡೋದು? ನಮ್ಮೂರಲ್ಲೊಂದು ಬೆಂಕಿ ತಂಡ ಕಟ್ಟಬೇಕು ಅಂತಿದ್ದೇವೆ

ಅಡಿಕೆ ಅಂಗಳ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ತಿಂಗಳು ನಮ್ಮ ಪಕ್ಕದ ಮನೆಯ ಕೊಟ್ಟಿಗೆಗೆ ಬೆಂಕಿ ಬಿತ್ತು. ಅಡಿಕೆ ಬೇಯಿಸಿದ ಒಲೆಯ ಕೆಂಡ ಪೂರ್ತಿ ಆರಿರಲಿಲ್ಲ. ಮಧ್ಯಾಹ್ನ ಗಾಳಿ ಎದ್ದಿತು, ಒಂದು ಕಿಡಿ ಹೋಗಿ ಒಣ ಸೋಗೆಯ ಮೇಲೆ ಕೂತಿತು. ಸೋಗೆಯಿಂದ ಹುಲ್ಲಿನ ಗೊಣಬೆಗೆ, ಗೊಣಬೆಯಿಂದ ಕೊಟ್ಟಿಗೆಯ ಮಾಡಿಗೆ. ಇಷ್ಟಾಗೋಕೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲಿನ ಗೇರುಮರದ ಬುಡದಲ್ಲಿ ಮಾತ್ರ. ಒಬ್ಬ ಹುಡುಗ ಅಲ್ಲಿಗೆ ಓಡಿ 101ಕ್ಕೆ ಫೋನ್ ಮಾಡಿದ. ಗಾಡಿ ಬಂದಾಗ 50 ನಿಮಿಷ ಆಗಿತ್ತು. ಅವರನ್ನು ದೂರೋಕೆ ಇದನ್ನು ಬರೆಯುತ್ತಿಲ್ಲ. ಠಾಣೆ ಇರೋದು ತಾಲ್ಲೂಕು ಕೇಂದ್ರದಲ್ಲಿ, ನಡುವೆ ಬರೀ ತಿರುವು. ಟಾರ್ ರಸ್ತೆಯಿಂದ ಒಳಗೆ ಯಾವ ದಾರಿ ಅಂತ ತೋರಿಸೋಕೆ ಒಬ್ಬರೂ ನಿಂತಿರಲಿಲ್ಲ, ಎಲ್ಲರೂ ಬೆಂಕಿ ಹತ್ತಿರ ಇದ್ದೆವು. ಗಾಡಿ ಮೇಲಿನ ಕೇರಿಗೆ ಹೋಗಿ, ತಿರುಗಿಸಿಕೊಂಡು ಬಂತು. ಆಮೇಲೆ ದಣಪೆ (ದಾರಿಗೆ ಅಡ್ಡ ಹಾಕೋ ಗಳುಗಳ ಗೇಟು) ತೆಗೆಯಬೇಕಾಯ್ತು. ದಣಪೆ ದಾಟಿದರೆ ದಾರಿಗೆ ಅಡ್ಡ ಒಂದು ಪಿಕಪ್. ಓನರ್ ಲಾಕ್ ಮಾಡಿ ಸಹಾಯಕ್ಕೆ ಓಡಿದ್ದ. ಆ ಪಿಕಪ್ ನನ್ನದೇ.

ದನಗಳನ್ನು ಬಿಚ್ಚಿದೆವು. ಒಂದು ಕರು ಉಳಿಯಲಿಲ್ಲ. ಹೊಗೆಗೆ ಹೆದರಿ ಮೂಲೆ ಸೇರಿತ್ತು, ಕಾಣಲೇ ಇಲ್ಲ.

ಆವತ್ತಿಂದ ತಲೆಯಲ್ಲಿ ಒಂದೇ ಕೊರೀತಿದೆ. ಗಾಡಿ ಎಷ್ಟೇ ಬೇಗ ಹೊರಟರೂ ನಮ್ಮಂಥ ಊರಿಗೆ ಮೊದಲ ಅರ್ಧ ಗಂಟೆಯಲ್ಲಿ ಬರೋಕೆ ಆಗಲ್ಲ. ಆ ಅರ್ಧ ಗಂಟೆ ನಮ್ಮದೇ. ನಮ್ಮೂರಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯೋ, ಪೆಟ್ರೋಲ್‌ನಿಂದ ಓಡೋ ಪಂಪ್ ಐದು ಮನೆಯಲ್ಲಿದೆ. ಮಳೆಗಾಲ ಮುಗಿದ ಮೇಲೆ ಅವು ಸುಮ್ನೆ ಕೊಟ್ಟಿಗೆ ಅಟ್ಟದಲ್ಲಿ ಮಲಗಿರುತ್ತವೆ. ಒಂದನ್ನು 200 ಲೀಟರ್ ಡ್ರಮ್ಮಿನ ಜೊತೆ ಪಿಕಪ್‌ನಲ್ಲಿ ಕಟ್ಟಿಟ್ಟರೆ ಹೇಗೆ? 14 ಹುಡುಗರ ಪಟ್ಟಿ ಮಾಡಿದ್ದೇವೆ. ಇಂಥದ್ದನ್ನು ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಶರಾವತಿ ದಂಡೆ

ಭಾವ, ಬೇಜಾರಾಗಬೇಡಿ. ತೆರಿಗೆ ಕಟ್ಟೋದು ನಾವು, ಬೆಂಕಿ ಆರಿಸೋದೂ ನಾವೇನಾ? ಹೋಬಳಿಗೊಂದು ಸಣ್ಣ ಗಾಡಿ ಕೊಡಿ ಅಂತ ಅರ್ಜಿ ಹಾಕಿ. ನೀವೇ ಮಾಡಿಕೊಂಡರೆ "ಅಲ್ಲಿ ಹ್ಯಾಗೂ ನಡೀತಿದೆಯಲ್ಲ" ಅಂತ ಸುಮ್ನಾಗುತ್ತಾರೆ. ರಸ್ತೆ ವಿಷಯದಲ್ಲಿ ನೋಡಿದ್ದೇವಲ್ಲ. ಶ್ರಮದಾನ ಮಾಡಿ ಮಣ್ಣು ಹಾಕಿದ ರಸ್ತೆಗೆ ಇವತ್ತಿಗೂ ಟಾರ್ ಬಂದಿಲ್ಲ.

ಇನ್ನೊಂದು. 14 ಹುಡುಗರು ಅಂದ್ರಿ. ಅದರಲ್ಲಿ ಊರಲ್ಲೇ ಇರೋರು ಎಷ್ಟು ಜನ?

ಅಡಿಕೆ ಅಂಗಳ

ನಿಜ ಹೇಳಬೇಕಂದ್ರೆ ಆರು. ಉಳಿದವರು ಬೆಂಗಳೂರು, ಶಿವಮೊಗ್ಗ. ಹಬ್ಬಕ್ಕೆ ಬರ್ತಾರೆ.

ಶರಾವತಿ ದಂಡೆ

ಬೆಂಕಿಗೂ ಹಬ್ಬದ ದಿನವೇ ಬಾ ಅಂತ ಹೇಳಿಡಿ.

ಹಳೇ ಫೈರ್‌ಮನ್

ಅರ್ಜಿಯನ್ನೂ ಹಾಕಿ, ತಂಡವನ್ನೂ ಕಟ್ಟಿ. ಎರಡಕ್ಕೂ ಜಗಳ ಇಲ್ಲ. ನಾನು ಇಲಾಖೆಯಲ್ಲಿದ್ದು ರಿಟೈರ್ ಆದವನು. ಮಲೆನಾಡಿನ ಕರೆಗಳಿಗೆ ಹೋಗಿ ಹೋಗಿ ಸೊಂಟ ಹೋಗಿದೆ. ಒಂದಿಷ್ಟು ಹೇಳ್ತೀನಿ.

ನಮ್ಮ ಗಾಡಿಯಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರು ಇರುತ್ತೆ. ಕೇಳೋಕೆ ಜಾಸ್ತಿ ಅನಿಸುತ್ತೆ. ಪೈಪ್ ಪೂರ್ತಿ ಬಿಟ್ಟರೆ ಕೆಲವೇ ನಿಮಿಷ. ಆಮೇಲೆ ನಾವು ಕೇಳೋ ಮೊದಲ ಪ್ರಶ್ನೆ, "ಹತ್ತಿರದಲ್ಲಿ ನೀರೆಲ್ಲಿದೆ?" ಊರವರು ತೋರಿಸೋದು ತೋಟದ ನಡುವಿನ ಬಾವಿ. ಅಲ್ಲಿಗೆ ಲಾರಿ ಹೇಗೆ ಹೋಗುತ್ತೆ? ಗಾಡಿ ದಡಕ್ಕೇ ಬಂದು ನಿಲ್ಲಬಹುದಾದ ಕೆರೆ ಯಾವುದು, ಕೃಷಿ ಹೊಂಡ ಯಾವುದು, ಮಾರ್ಚ್‌ನಲ್ಲಿ ಅದರಲ್ಲಿ ನೀರು ಇರುತ್ತಾ? ಇದನ್ನು ಈಗಲೇ ನೋಡಿಡಿ. ಪಂಪಿಗಿಂತ ಮೊದಲು ಈ ಕೆಲಸ.

ಎರಡನೇದು ಕರೆಂಟ್. ಬೆಂಕಿ ಅಂದ ಕೂಡಲೇ ಮೇನ್ ತೆಗೆಯಬೇಕು, ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಬೇಕು. ಒಪ್ಪಿದಿರಾ? ಹಾಗಾದರೆ ಬೋರ್‌ವೆಲ್ ಮೋಟಾರ್ ಓಡಲ್ಲ. "ನಮ್ಮಲ್ಲಿ ಮೂರು ಬೋರ್ ಇದೆ ಸಾರ್" ಅಂತ ಧೈರ್ಯವಾಗಿರೋ ಎಲ್ಲರೂ ಇಲ್ಲೇ ಎಡವೋದು. ಅದಕ್ಕೇ ಪೆಟ್ರೋಲ್ ಪಂಪಿನ ಯೋಚನೆ ನನಗೆ ಇಷ್ಟ ಆಯ್ತು. ಗುಡ್ಡದಿಂದ ತಾನಾಗೇ ಇಳಿಯೋ ಅಬ್ಬಿ ನೀರು ಇದ್ದರೆ ಅದಕ್ಕೊಂದು ವಾಲ್ವ್ ಹಾಕಿಡಿ. ಕರೆಂಟ್ ಬೇಡ, ಪೆಟ್ರೋಲೂ ಬೇಡ.

ಆದರೆ ಔಷಧಿ ಪಂಪಿನಿಂದ ಉರಿಯೋ ಗೊಣಬೆ ಆರಲ್ಲ, ಇದು ತಲೆಯಲ್ಲಿರಲಿ. ನಿಮಿಷಕ್ಕೆ ಇಪ್ಪತ್ತು ಲೀಟರ್ ಬಂದರೆ ದೊಡ್ಡದು, ಡ್ರಮ್ ಹತ್ತು ನಿಮಿಷಕ್ಕೆ ಖಾಲಿ. ಅದನ್ನು ಪಕ್ಕದ ಮಾಡು ಒದ್ದೆ ಮಾಡೋಕೆ ಬಳಸಿ. ಹೋಗಿದ್ದು ಹೋಯ್ತು, ಇನ್ನೊಂದಕ್ಕೆ ಹತ್ತದಂತೆ ನೋಡಿಕೊಳ್ಳಿ. ಗೊಣಬೆಗೆ ಮೇಲಿಂದ ಎಷ್ಟು ನೀರು ಸುರಿದರೂ ಒಳಗೆ ಕೆಂಡ ಇದ್ದೇ ಇರುತ್ತೆ. ಉದ್ದ ಕೊಕ್ಕೆಯಲ್ಲಿ ಎಳೆದು ಹರಡಬೇಕು. ರಾತ್ರಿ ಇಬ್ಬರು ಕಾವಲು ಇರಬೇಕು. ನಾವು ವಾಪಸ್ ಬಂದ ಮೇಲೆ ಬೆಳಗಿನ ಜಾವ ಅದೇ ಮನೆಯಿಂದ ಮತ್ತೆ ಕರೆ ಬಂದಿದ್ದುಂಟು.

ಕಡೇದು. ಉರಿಯೋ ಮನೆಯೊಳಗೆ ನಿಮ್ಮ ಹುಡುಗರು ಹೋಗಬಾರದು. ಉರಿಗಿಂತ ಹೊಗೆ ಬೇಗ ಕೊಲ್ಲುತ್ತೆ. ನಮಗೆ ಉಸಿರಾಟದ ಸೆಟ್ ಇರುತ್ತೆ, ನಿಮಗೆ ಇರೋದು ಒದ್ದೆ ಟವೆಲ್. ಗ್ಯಾಸ್ ಲೀಕ್ ಆಗಿದ್ದರೆ ಸ್ವಿಚ್ ಹಾಕೋದೂ ಬೇಡ, ತೆಗೆಯೋದೂ ಬೇಡ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡಿರುತ್ತೆ. ಬಾಗಿಲು ತೆಗೆದು ಹೊರಗೆ ಬನ್ನಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬೇಡಿ, ತಟ್ಟೆ ಮುಚ್ಚಿ.

ಪ್ರತಿ ವರ್ಷ ಏಪ್ರಿಲ್ 14ರಿಂದ 20 ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟ ಆಗಿ ಬೆಂಕಿ ಆರಿಸಲು ಹೋದವರು ತುಂಬಾ ಜನ ತೀರಿಕೊಂಡರು. ಅವರ ನೆನಪಿಗೆ. ಆ ವಾರ ಠಾಣೆಯವರು ಊರೂರಿಗೆ ಬಂದು ತೋರಿಸಿಕೊಡುತ್ತಾರೆ. ಆದರೆ ಏಪ್ರಿಲ್ ಮಧ್ಯಕ್ಕೆ ನಮ್ಮ ಕಡೆ ಸುಡೋದೆಲ್ಲ ಸುಟ್ಟು ಮುಗಿದಿರುತ್ತೆ. ನೀವು ಈಗಲೇ ಹೋಗಿ ಕೇಳಿ. ಇಲ್ಲ ಅನ್ನಲ್ಲ.

ಮ್ಯೂನಿಕ್ ಮೇಷ್ಟ್ರ ಮಗ

ನಮ್ಮ ಊರು ತೀರ್ಥಹಳ್ಳಿ ಹತ್ತಿರ, ಈಗ ಇರೋದು ಜರ್ಮನಿಯಲ್ಲಿ. ಇಲ್ಲಿ ದೊಡ್ಡ ಊರುಗಳಲ್ಲಿ ಮಾತ್ರ ಸಂಬಳದ ಅಗ್ನಿಶಾಮಕ ದಳ. ನಾನಿರೋ ಥರದ ಸಣ್ಣ ಊರಲ್ಲಿ ಎಲ್ಲರೂ ಸ್ವಯಂಸೇವಕರೇ. ನಮ್ಮ ಬೀದಿಯ ಬೇಕರಿಯವನು ಹಿಟ್ಟು ನಾದುತ್ತಾ ಇರೋವಾಗ ಸೊಂಟದ ಪೇಜರ್ ಕೂಗಿದರೆ ಹಾಗೇ ಬಿಟ್ಟು ಓಡ್ತಾನೆ. ಕೆಲಸ ಬಿಟ್ಟು ಹೋದ ಹೊತ್ತಿನ ಸಂಬಳವನ್ನು ಕಡಿಯುವಂತಿಲ್ಲ. ಮಕ್ಕಳಿಗೂ ಬೇರೆ ತಂಡ ಇದೆ, ಚಿಕ್ಕಂದಿನಿಂದಲೇ ಪೈಪ್ ಸುತ್ತೋಕೆ ಕಲೀತಾರೆ. ಬೇಸಿಗೆಯಲ್ಲಿ ಠಾಣೆ ಮುಂದೆ ಊಟ, ವಾದ್ಯ, ಜಾತ್ರೆ ಥರ. ಆ ದುಡ್ಡಲ್ಲಿ ಸಾಮಾನು ತರ್ತಾರೆ.

ಇದು ಹೊಸದಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ನೆರೆಹೊರೆಯವರನ್ನು ಸೇರಿಸಿ ಇಂಥ ತಂಡ ಕಟ್ಟಿದ್ದು 1736ರಲ್ಲಿ. ಚಿಲಿ ದೇಶದಲ್ಲಂತೂ ಬೆಂಕಿ ಆರಿಸೋರಿಗೆ ಸಂಬಳವೇ ಇಲ್ಲ. ಸಾಂಟಿಯಾಗೊದಂಥ ಮಹಾನಗರದಲ್ಲೂ ಸ್ವಯಂಸೇವಕರೇ.

ಒಂದು ವ್ಯತ್ಯಾಸ ಮಾತ್ರ ಇದೆ. ಇಲ್ಲಿ ಗಾಡಿ, ಬಟ್ಟೆ, ತರಬೇತಿ, ವಿಮೆ ಎಲ್ಲ ಊರಾಡಳಿತದ ಖರ್ಚು. ಜನ ಕೊಡೋದು ಸಮಯ. ಶರಾವತಿ ಅಣ್ಣ ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ.

ಕೊಟ್ಟಿಗೆ ಅಕ್ಕ

ನಾನು ಅಡಿಕೆ ಅಂಗಳದವರ ಊರಿನವಳೇ. ಆವತ್ತು ಅಲ್ಲೇ ಇದ್ದೆ. ಅವರು ಬರೆದದ್ದೆಲ್ಲ ಸರಿ, ಆದರೆ ಅರ್ಧ ಬಿಟ್ಟಿದ್ದಾರೆ.

ಬೆಂಕಿ ಹತ್ತಿದ್ದು ಮಧ್ಯಾಹ್ನ ಎರಡೂವರೆಗೆ. ಆಗ ಗಂಡಸರು ಎಲ್ಲಿದ್ದರು? ಇಬ್ಬರು ಸೊಸೈಟಿಗೆ ಅಡಿಕೆ ಹಾಕೋಕೆ ಹೋಗಿದ್ದರು. ಒಬ್ಬರು ತೋಟದ ತಗ್ಗಿನಲ್ಲಿ, ಕೂಗಿದರೂ ಕೇಳಲ್ಲ. ಮೊದಲ ಹತ್ತು ನಿಮಿಷ ಅಲ್ಲಿದ್ದವರು ನಾನು, ಆ ಮನೆ ಅತ್ತೆ ಸೊಸೆ, ಮತ್ತೆ ಅಡಿಕೆ ಸುಲಿಯೋಕೆ ಬಂದಿದ್ದ ಮೂವರು ಹೆಂಗಸರು. ದನ ಬಿಚ್ಚಿದ್ದು ಆ ಸೊಸೆ. ಹಗ್ಗದ ಗಂಟು ಬಿಚ್ಚೋಕಾಗದೆ ಮೆಟ್ಟುಕತ್ತಿಯಲ್ಲಿ ಕೊಯ್ದಳು. ನಾವು ಗೋಣಿಚೀಲ ಬಾನಿಯಲ್ಲಿ ಅದ್ದಿ ಅದ್ದಿ ಮನೆ ಕಡೆಯ ಗೋಡೆಗೆ ಹಾಸಿದೆವು. ಮನೆ ಉಳಿದದ್ದು ಅದರಿಂದ. ಪಿಕಪ್ ಬಂದದ್ದು ಆಮೇಲೆ.

ಈಗ ಪಟ್ಟಿ ನೋಡಿದರೆ 14 ಹೆಸರು. ಒಂದೂ ಹೆಂಗಸಿನ ಹೆಸರಿಲ್ಲ. ಎಂಟು ಜನ ಊರಲ್ಲೇ ಇಲ್ಲ, ಆದರೂ ಅವರ ಹೆಸರಿದೆ. ದಿನಾ ಊರಲ್ಲೇ ಇರೋ ನಮ್ಮದಿಲ್ಲ. ಪಂಪ್ ಇರೋದು ನಮ್ಮ ಕೊಟ್ಟಿಗೆ ಅಟ್ಟದಲ್ಲಿ. ಅದರ ಹಗ್ಗ ಎಳೆದು ಸ್ಟಾರ್ಟ್ ಮಾಡೋದು ಹೇಗೆ ಅಂತ ಇಷ್ಟು ವರ್ಷದಲ್ಲಿ ಯಾರಾದರೂ ನನಗೆ ತೋರಿಸಿದ್ದಾರಾ? ಔಷಧಿ ಹೊಡೆಯೋ ದಿನ ನಂದು ಕಾಫಿ ತಿಂಡಿ, ಮತ್ತೆ ಸಂಜೆ ಔಷಧಿ ತಾಗಿ ನೀಲಿಯಾದ ಬಟ್ಟೆ ಒಗೆಯೋದು.

ಇನ್ನೊಂದು ಹೇಳ್ತೀನಿ, ನಗಬೇಡಿ. ಆವತ್ತು ನಾನು ಹಾಕಿದ್ದು ಸಿಂಥೆಟಿಕ್ ನೈಟಿ. ಕಿಡಿ ಹಾರಿ ತೋಳಿಗೆ ಬಿತ್ತು. ಬಟ್ಟೆ ಉರಿಯಲಿಲ್ಲ, ಕರಗಿ ಚರ್ಮಕ್ಕೆ ಅಂಟಿತು. ಗುರುತು ಇನ್ನೂ ಇದೆ. ಬೆಂಕಿ ಹತ್ತಿರ ಹೋಗೋರು ಹತ್ತಿಯದ್ದೇನಾದರೂ ಸುತ್ತಿಕೊಂಡು ಹೋಗಿ. ಗಂಡಸರ ಹಳೇ ಹತ್ತಿ ಅಂಗಿ ಒಂದು ಬಾಗಿಲ ಹಿಂದೆ ನೇತಾಡಿಸಿಡಿ, ಸಾಕು.

ಅಡಿಕೆ ಅಂಗಳ

ಅತ್ತಿಗೆ, ತಪ್ಪಾಯ್ತು. ಪಟ್ಟಿ ಹರಿದು ಹಾಕಿದೆ. ಹೊಸದಾಗಿ ಬರೆಯೋದು ಹೀಗೆ: ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಊರಲ್ಲಿ ಯಾರು ಇರ್ತಾರೆ? ಅವರ ಹೆಸರು ಮೊದಲು.

ಶರಾವತಿ ದಂಡೆ

ಈಗ ಸರಿ ದಾರಿಗೆ ಬಂದ್ರಿ ನೋಡಿ.

ಬೆಟ್ಟದ ಕಾವಲು

ನಾಲ್ಕು ಬೇಸಿಗೆ ಕಾಡಿನ ಬೆಂಕಿ ಕಾಯೋ ಫೈರ್ ವಾಚರ್ ಆಗಿ ದಿನಗೂಲಿ ಮೇಲೆ ಕೆಲಸ ಮಾಡಿದ್ದೇನೆ. ನೀವೆಲ್ಲ ಮನೆ ಬೆಂಕಿ ಬಗ್ಗೆ ಹೇಳ್ತಿದ್ದೀರಿ. ಸೊಪ್ಪಿನ ಬೆಟ್ಟದ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡಿನ, ಬೆಂಕಿ ಬೇರೆಯೇ.

ಮೊದಲು ಒಂದು ಮಾತು. ನಮ್ಮ ಕಾಡಲ್ಲಿ ಬೆಂಕಿ ತಾನಾಗೇ ಹುಟ್ಟೋದು ತೀರಾ ಅಪರೂಪ. ತೋಟದ ಅಂಚಿನ ಕಸ ಸುಡೋಕೆ ಹೋಗಿ ಕೈಮೀರೋದು, ಹೊಸ ಹುಲ್ಲು ಚಿಗುರಲಿ ಅಂತ ಹಚ್ಚೋದು, ಬೀಡಿ ತುಂಡು. ಹೆಚ್ಚಿನದು ಇಷ್ಟೇ. ಕಾಡಿಗೆ ಬೆಂಕಿ ಹಾಕೋದು ಅಪರಾಧ, ಕೇಸಾಗುತ್ತೆ. ಅದಕ್ಕೇ ಕೈಮೀರಿದ ಮೇಲೂ ಹೆದರಿ ಯಾರಿಗೂ ಹೇಳಲ್ಲ. ಅಲ್ಲೇ ಎಡವಟ್ಟು. ಹೇಳಿಬಿಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಬೆಟ್ಟದಲ್ಲಿ ದರಗೆಲೆ, ಅಂದ್ರೆ ಉದುರಿದ ಒಣ ಎಲೆ, ಈಗ ಜಾಸ್ತಿ. ಮೊದಲು ಮನೆ ತುಂಬಾ ದನ ಇದ್ದವು, ಕೊಟ್ಟಿಗೆಗೆ ಹಾಸೋಕೆ ದರಗೆಲೆ ಗುಡಿಸಿ ಗುಡಿಸಿ ತರುತ್ತಿದ್ದರು. ಬೆಟ್ಟದ ನೆಲ ಅಂಗಳದ ಥರ ಇರುತ್ತಿತ್ತು. ಈಗ ಹಾಲು ಪ್ಯಾಕೆಟ್ಟಲ್ಲಿ ಬರುತ್ತೆ. ನಮ್ಮೂರ ಬೆಟ್ಟದಲ್ಲಿ ಕಾಲಿಟ್ಟರೆ ಮೊಣಕಾಲವರೆಗೂ ದರಗೆಲೆ. ಅಕೇಶಿಯಾ ಪ್ಲಾಂಟೇಶನ್ ಪಕ್ಕದಲ್ಲಿದ್ದರಂತೂ ಕೇಳೋದೇ ಬೇಡ.

ಆರಿಸೋದು ಹೇಗೆ? ಹಸಿ ಸೊಪ್ಪಿನ ಕೊಂಬೆ ಹಿಡಿದು ಹೋಗ್ತೀರಿ ಅಲ್ವಾ, ಹೊಸಬರೆಲ್ಲ ಅದನ್ನು ತಲೆ ಮೇಲೆತ್ತಿ ಬಟ್ಟೆ ಒಗೆದ ಹಾಗೆ ಬಡೀತಾರೆ. ಬಡಿದ ಏಟಿಗೆ ಕಿಡಿ ಹಾರಿ ಹಿಂದೆ ಹತ್ತುತ್ತೆ. ಬಡಿಯಬೇಡಿ. ಉರಿಯ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆದು ಒರೆಸಿ, ನೆಲ ಸಾರಿಸಿದ ಹಾಗೆ. ಯಾವತ್ತೂ ಬೆಂಕಿಯ ಮೇಲ್ಗಡೆ ನಿಲ್ಲಬೇಡಿ. ಇಳಿಜಾರಲ್ಲಿ ಬೆಂಕಿ ಮೇಲಕ್ಕೆ ಓಡೋ ವೇಗಕ್ಕೆ ಮನುಷ್ಯ ಓಡೋಕಾಗಲ್ಲ. ಹಿಂದಿನಿಂದ, ಪಕ್ಕದಿಂದ ಬನ್ನಿ. ಕಷ್ಟ ಬಂದರೆ ಸುಟ್ಟು ಕಪ್ಪಾದ ಜಾಗಕ್ಕೆ ಹೋಗಿ, ಅಲ್ಲಿ ಮತ್ತೆ ಉರಿಯೋಕೆ ಏನೂ ಉಳಿದಿರಲ್ಲ. ಎದುರು ಬೆಂಕಿ ಕೊಡೋದು (ಬರೋ ಬೆಂಕಿಯ ಎದುರಿಗೆ ನಾವೇ ಹಚ್ಚೋದು) ಗೊತ್ತಿದ್ದವರ ಕೆಲಸ, ನೀವು ಅದಕ್ಕೆ ಕೈ ಹಾಕಬೇಡಿ. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಕಾಳ್ಗಿಚ್ಚು ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟಗಾಯದಿಂದ ತೀರಿಕೊಂಡರು. ಕಾಡು ಗೊತ್ತಿದ್ದವರ ಕತೆ ಇದು.

ಬೆಂಕಿ ಬಿದ್ದ ಮೇಲೆ ಓಡೋದಕ್ಕಿಂತ ಡಿಸೆಂಬರ್, ಜನವರಿಯಲ್ಲೇ ಬೆಂಕಿ ಗೆರೆ ಮಾಡಿ. ತೋಟಕ್ಕೂ ಬೆಟ್ಟಕ್ಕೂ ನಡುವೆ ಮೂರು ನಾಲ್ಕು ಮಾರು ಅಗಲ ಗುಡಿಸಿ, ಕೆಂಪು ಮಣ್ಣು ಕಾಣಬೇಕು. ವಾರಕ್ಕೊಮ್ಮೆ ಮತ್ತೆ ಗುಡಿಸಬೇಕು, ಮರ ಉದುರಿಸೋದು ನಿಲ್ಲಿಸಲ್ಲವಲ್ಲ. ಎಲೆ ಹಾರಿಸೋ ಬ್ಲೋವರ್ ಇದ್ದರೆ ಹತ್ತು ಆಳಿನ ಕೆಲಸ ಒಬ್ಬ ಮಾಡ್ತಾನೆ.

ಮರೆತಿದ್ದೆ. ಉಣುಗು! ಅದು ಕಚ್ಚಿ ಬರೋ ಮಂಗನ ಕಾಯಿಲೆ ಜಾಸ್ತಿ ಆಗೋದೂ ಇದೇ ದಿನಗಳಲ್ಲಿ, ಡಿಸೆಂಬರ್‌ನಿಂದ ಮೇ ತನಕ. ಆ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. 2019ರಲ್ಲಿ ಸಾಗರದ ಅರಳಗೋಡು ಕಡೆ ಅದು ಹಬ್ಬಿ ಜನ ತೀರಿಕೊಂಡದ್ದು ಎಲ್ಲರಿಗೂ ಗೊತ್ತು. ಬೆಂಕಿ ಗೆರೆ ಗುಡಿಸೋದು ಅಂದರೆ ದರಗೆಲೆಯಲ್ಲೇ ಕೈಯಾಡಿಸೋದು. ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ಹಚ್ಚೋ ಡೇಪಾ ಎಣ್ಣೆ ಕೇಳಿ, ಕೈಕಾಲಿಗೆ ಹಚ್ಚಿಕೊಂಡು ಹೋಗಿ. ಬಂದ ಕೂಡಲೇ ಬಿಸಿನೀರಲ್ಲಿ ಬಟ್ಟೆ ನೆನೆಸಿ, ಸ್ನಾನ ಮಾಡಿ. ಸುತ್ತಮುತ್ತ ಮಂಗ ಸತ್ತಿದ್ದರೆ ಆ ಕಡೆ ಕಾಲೇ ಇಡಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಬೆಂಗಳೂರು ಬಸ್ಸು

ನಾನು ಆ 14ರಲ್ಲಿ ಒಬ್ಬ, ಪಟ್ಟಿ ಹರಿಯೋ ಮುಂಚೆ! ಊರಲ್ಲಿಲ್ಲ ಅಂತ ಬೈಸಿಕೊಂಡೆ, ದುಡ್ಡಾದರೂ ಕಳಿಸ್ತೀನಿ. ಎಲ್ಲರಿಗೂ ಕೆಂಪು ಟೀಶರ್ಟ್, ಹೆಲ್ಮೆಟ್, ಬೆನ್ನ ಮೇಲೆ ತಂಡದ ಹೆಸರು ಹಾಕಿಸೋಣವಾ?

ಕೊಟ್ಟಿಗೆ ಅಕ್ಕ

ಟೀಶರ್ಟ್ ಹತ್ತಿಯದ್ದಾ?

ಬೆಂಗಳೂರು ಬಸ್ಸು

…ಪಾಲಿಯೆಸ್ಟರ್ ಅಂತಿದೆ. ಬಿಟ್ಟೆ. ಹಾಗಾದರೆ ಒಂದು ಬ್ಲೋವರ್ ನಂದು.

ಹಳೇ ಫೈರ್‌ಮನ್

ಒಳ್ಳೇದು. ಇನ್ನೂ ದುಡ್ಡಿದ್ದರೆ ಬೆಂಕಿ ಆರಿಸೋ ಆರು ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಎರಡು ತೆಗೆದುಕೊಡಿ, ಅಡಿಕೆ ಡ್ರೈಯರ್ ಇರೋ ಮನೆಗಳಿಗೆ. ಅದರ ಮೀಟರಿನ ಮುಳ್ಳು ಹಸಿರಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡಬೇಕು. ಇಪ್ಪತ್ತು ಸೆಕೆಂಡಿನಲ್ಲಿ ಮುಗಿದು ಹೋಗುತ್ತೆ. ಅದಕ್ಕೇ ದೂರದಿಂದ ಚಿಮ್ಮಿಸಿ ಹಾಳು ಮಾಡಬೇಡಿ, ಉರಿಯ ಬುಡಕ್ಕೆ ಹಿಡಿಯಿರಿ.

ಗ್ಯಾರೇಜ್ ಸಾಗರ

ಪಂಪಿನ ಬಗ್ಗೆ ಒಂದೇ ಮಾತು. ಸೆಪ್ಟೆಂಬರ್‌ನಲ್ಲಿ ಕಡೇ ಔಷಧಿ ಹೊಡೆದು ಹಾಗೇ ಎತ್ತಿಟ್ಟ ಪಂಪ್ ಫೆಬ್ರವರಿಯಲ್ಲಿ ಸ್ಟಾರ್ಟ್ ಆಗಲ್ಲ, ಬರೆದಿಟ್ಟುಕೊಳ್ಳಿ. ಹಳೇ ಪೆಟ್ರೋಲ್ ಕಾರ್ಬೊರೇಟರ್‌ನಲ್ಲಿ ಅಂಟಾಗಿರುತ್ತೆ. ಸುಣ್ಣ, ಮೈಲುತುತ್ತ ನಾಝಲ್ಲಲ್ಲಿ ಗಟ್ಟಿಯಾಗಿರುತ್ತೆ. ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ, ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಓಡಿಸಿ. ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರರು ಬಳಸೋ ಸಣ್ಣ ನಾಝಲ್ ಮಂಜಿನ ಥರ ಬಿಡುತ್ತೆ, ಬೆಂಕಿಗೆ ದೊಡ್ಡ ತೂತಿನ ಗನ್ ಬೇಕು.

ಅಡಿಕೆ ಅಂಗಳ

ಮೂರು ವಾರ ಆಯ್ತು, ವರದಿ ಒಪ್ಪಿಸ್ತೇನೆ. ಮೊನ್ನೆ ಭಾನುವಾರ ಮೊದಲ ತಾಲೀಮು. ಠಾಣೆಯಿಂದ ಇಬ್ಬರು ಬಂದಿದ್ದರು, ಕೇಳಿದ ಮರುವಾರವೇ. ಕೆರೆ ಏರಿ ಮೇಲೆ ಗಾಡಿ ನಿಲ್ಲೋ ಜಾಗ ನೋಡಿ, ಒಂದು ಹಲಸಿನ ಕೊಂಬೆ ಕಡಿಯಿರಿ ಅಂದರು. ಕಡಿದೆವು.

ನೆಟ್‌ವರ್ಕ್ ಇಲ್ಲವಲ್ಲ, ಜನ ಸೇರಿಸೋಕೆ ದೇವಸ್ಥಾನದ ಜಾಗಟೆ ಬಾರಿಸೋದು ಅಂತ ಮಾತಾಗಿತ್ತು. ಬಾರಿಸಿದೆವು. ಕೆಳಗಿನ ಕೇರಿಯವರು ಓಡಿ ಬಂದರು. ಮೇಲಿನ ಕೇರಿಯವರು ಮಹಾಮಂಗಳಾರತಿ ಅಂದುಕೊಂಡು ಅಲ್ಲೇ ನಿಂತು ಕೈ ಮುಗಿದರಂತೆ. ಒಬ್ಬರಂತೂ ಹಣ್ಣುಕಾಯಿ ತಟ್ಟೆ ಹಿಡಿದು ನಿಧಾನಕ್ಕೆ ಬಂದರು. ಅದಕ್ಕೇ ಈಗ ಶಾಲೆಯ ಗಂಟೆ. ಮಕ್ಕಳಿಲ್ಲ ಅಂತ ನಮ್ಮ ಕಿರಿಯ ಪ್ರಾಥಮಿಕ ಶಾಲೆ ಮುಚ್ಚಿದ ಮೇಲೆ ಆ ರೈಲು ಕಂಬಿ ತುಂಡು ಸುಮ್ನೆ ಜಗುಲಿಯಲ್ಲಿ ನೇತಾಡುತ್ತಿತ್ತು. ಅದರ ಸದ್ದು ಎಲ್ಲರಿಗೂ ಗೊತ್ತು. ನಾವೆಲ್ಲ ಅದಕ್ಕೇ ಓಡಿ ಓಡಿ ಕಲಿತವರು.

ಪಂಪ್ ಒಂದೂ ಮೊದಲ ಎಳೆತಕ್ಕೆ ಸ್ಟಾರ್ಟ್ ಆಗಲಿಲ್ಲ. ಗ್ಯಾರೇಜ್ ಅಣ್ಣ ಹೇಳಿದ ಹಾಗೇ ಆಯ್ತು. ಐದರಲ್ಲಿ ಎರಡು ಓಡಿದವು. ಮೂರನ್ನು ಸಾಗರಕ್ಕೆ ತರ್ತಿದ್ದೇನೆ, ರೇಟು ನೋಡಿ ಹಾಕಿ.

ದುಡ್ಡಿಗೆ ಯಕ್ಷಗಾನ ಆಡಿಸೋಣ ಅಂತ ಒಂದು ಪಕ್ಷ, ಮನೆಗೆ ಎರಡು ಕೆಜಿ ಅಡಿಕೆ ಎತ್ತೋಣ ಅಂತ ಇನ್ನೊಂದು. ಆಟ ಆಡಿಸಿದರೆ ಖರ್ಚು ಕಳೆದು ಉಳಿಯೋದು ಸಾಲವೇ ಅಂತ ಅಜ್ಜನೊಬ್ಬರು ಹೇಳಿದ ಮೇಲೆ ಅಡಿಕೆ ಪಕ್ಷ ಗೆದ್ದಿತು.

ಈಗ ಮಧ್ಯಾಹ್ನದ ಪಟ್ಟಿಯಲ್ಲಿ 11 ಜನ. ಏಳು ಹೆಂಗಸರು. ಟಾರ್ ರಸ್ತೆಗೆ ಓಡಿ ಗಾಡಿಗೆ ದಾರಿ ತೋರಿಸೋದು ಯಾರು, ದಣಪೆ ತೆಗೆಯೋದು ಯಾರು, ಗೇರುಮರಕ್ಕೆ ಓಡೋದು ಯಾರು, ದನ ಬಿಚ್ಚೋದು ಯಾರು ಅಂತ ಹೆಸರು ಬಿದ್ದಿದೆ. ನನಗೆ ಸಿಕ್ಕಿದ ಕೆಲಸ: ಪಿಕಪ್ಪಿನ ಬೀಗದ ಕೈ ಅದರಲ್ಲೇ ಬಿಡೋದು.

ಶರಾವತಿ ದಂಡೆ

ನಮ್ಮೂರಲ್ಲೂ ಒಂದು ಶಾಲೆ ಗಂಟೆ ಇದೆ. ಸುಮ್ನೆ ಹೇಳಿದೆ.

ಹೋಬಳಿಗೊಂದು ಗಾಡಿ ಕೊಡಿ ಅನ್ನೋ ಅರ್ಜಿ ನಾನೇ ಬರೆದಿದ್ದೇನೆ. ಸಹಿ ಹಾಕೋಕೆ ಜನ ಬೇಕು.

ಕೊಟ್ಟಿಗೆ ಅಕ್ಕ

ಶನಿವಾರ ಸಂಜೆ ನಾಲ್ಕಕ್ಕೆ ಎರಡನೇ ತಾಲೀಮು, ಅರ್ಜಿ ಅಲ್ಲಿಗೇ ತನ್ನಿ. ಪಂಪಿನ ಹಗ್ಗ ಎಳೆಯೋದು ನಾವು ಏಳು ಜನ ಮಾತ್ರ, ಗಂಡಸರು ಮಧ್ಯೆ ಕೈ ಹಾಕಿ "ಕೊಡಿ ಇಲ್ಲಿ" ಅನ್ನಬಾರದು. ಮಜ್ಜಿಗೆ, ಅವಲಕ್ಕಿ ನಮ್ಮನೇದು. ಲೋಟ ನೀವೇ ತನ್ನಿ, ಹೋದ ಸಲದ ನಾಲ್ಕು ಲೋಟ ಇನ್ನೂ ವಾಪಸ್ ಬಂದಿಲ್ಲ.